ನೆಟ್ ಬರದ ದಿನ ಪ್ರಿಂಟೂ ಬರಲ್ಲ: ಒಂದು ತೋಟದ ಆಫೀಸಿನ ಪ್ರಕರಣ

ಚಿಕ್ಕಮಗಳೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಕಾಫಿ ತೋಟದವರೇ. ಈ ಪ್ರಕರಣ ಆಲ್ದೂರಿನ ಕಡೆಯ ಒಂದು ತೋಟದ ಆಫೀಸಿನದು. ದೂರು ಸಣ್ಣದು: ಕೇಬಲ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ತಾನಾಗಿ ನೆಟ್‌ವರ್ಕ್ ಹೊಂದಿಸಿಕೊಳ್ಳಬೇಕು, ಹೊಂದಿಸಿಕೊಳ್ಳುತ್ತಿಲ್ಲ. ಅದನ್ನು ನಾನು ಎರಡು ಸಲ ಸರಿಮಾಡಿದೆ. ಮೊದಲ ಸಲ ಗಾಯಕ್ಕೆ ಬೇರೆಯವರು ಹಚ್ಚಿದ್ದ ಮುಲಾಮು ಒರೆಸಿ, ಗಾಯವೇ ವಾಸಿಯಾಯಿತು ಅಂದುಕೊಂಡು ದುಡ್ಡು ಇಸಕೊಂಡು ಕಳಿಸಿದೆ. ಯಾರ ಹೆಸರನ್ನೂ ಹಾಕದೆ, ಮಿಕ್ಕಿದ್ದನ್ನು ನಡೆದ ಹಾಗೇ ಬರೆದಿದ್ದೇನೆ.

ಮೊದಲು ಜಾಗದ ನಕ್ಷೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ದಿಣ್ಣೆಯ ಮೇಲೆ ಸಾಹುಕಾರರ ಬಂಗಲೆ. ಫೈಬರ್ ಇಂಟರ್‌ನೆಟ್ ಬರುವುದು ಅಲ್ಲಿಗೆ. ಕೆಳಗೆ ಕಣದ ಪಕ್ಕದಲ್ಲಿ ಆಫೀಸು. ನಡುವೆ ಸುಮಾರು 70 ಮೀಟರ್. ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಹಾಗಾಗಿ ಯಾರೋ ಪುಣ್ಯಾತ್ಮ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಒಂದೇ ಎಳೆಯಲ್ಲಿ ಎಳೆದಿದ್ದಾನೆ. ಆಫೀಸಿನ ಗೋಡೆ ಹಳೇ ಕಾಲದ್ದು, ಎರಡಡಿ ದಪ್ಪ. ಬಂಗಲೆಯ ವೈಫೈ ಅಲ್ಲಿಗೆ ಬರುವ ಮಾತೇ ಇಲ್ಲ. ಬಂದ ಒಂದು ಕೇಬಲನ್ನು ಲ್ಯಾಪ್‌ಟಾಪಿಗೂ ಪ್ರಿಂಟರಿಗೂ ಹಂಚಲು ಗೋಡೆಯ ಮೊಳೆಗೆ ಒಂದು ಹಳೇ ರೂಟರ್ ನೇತುಹಾಕಿದ್ದರು. ಹಿಂದೆ ಯಾವಾಗಲೋ ಯಾರೋ ಬುದ್ಧಿವಂತರು ಅದರ ರೂಟರ್ ಕೆಲಸಗಳನ್ನೆಲ್ಲ ಆಫ್ ಮಾಡಿ, ಬರೀ ತೂತುಗಳನ್ನು ಬಳಸುವ ಹಾಗೆ ಮಾಡಿಟ್ಟಿದ್ದರು. ಕೆಲಸ ನಡೆಯುತ್ತಿತ್ತು, ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಲ್ಯಾಪ್‌ಟಾಪ್ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವಲ್ಲ, ಆಗ ಅದು ವಿಂಡೋಸ್ 11ಕ್ಕೆ ಲಾಯಕ್ಕಿರಲಿಲ್ಲ. ನಾನೇ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟಿದ್ದೆ. ಬಳಸುವವರು ತೋಟದ ರೈಟರು. ಚೆಕ್‌ರೋಲಿನ ಹಾಜರಿ, ಶನಿವಾರದ ಬಟವಾಡೆಯ ಪಟ್ಟಿ, ತಿಂಗಳಿಗೊಮ್ಮೆ ಪಿಎಫ್ ಫೈಲು, ಇಷ್ಟೇ ಅವರ ಕೆಲಸ. ವಿಂಡೋಸೋ ಲಿನಕ್ಸೋ ಅವರಿಗೆ ಒಂದೇ. ಪಟ್ಟಿ ತೆರೆದು ಪ್ರಿಂಟ್ ಬಂದರೆ ಆಯಿತು.

ಅಶ್ವಿನಿ ಮಳೆಯ ಒಂದು ಸಂಜೆ ಸಿಡಿಲು ಹೊಡೆದು ಬಂಗಲೆಯ ಫೈಬರ್ ಡಬ್ಬಿ ಸುಟ್ಟುಹೋಯಿತು. ಇಂಟರ್‌ನೆಟ್ ಕೊಡುವವರು ಬಂದು ಹೊಸದು ಕೂರಿಸಿದರು. ಒಂದಷ್ಟು ದಿನ ಎಲ್ಲ ಸರಿ ಇತ್ತು. ನಡುವೆ ಒಮ್ಮೆ ನೆಟ್ ಬಹಳ ನಿಧಾನ ಎಂದು ರೈಟರು ಫೋನ್ ಮಾಡಿದ್ದರು. ನಾನು ಬೇರೆ ಯಾವುದೋ ಮೆಷೀನು ಬಿಚ್ಚಿಕೊಂಡು ಕೂತಿದ್ದೆ, ಫೋನಿನಲ್ಲೇ ಒಂದು ಮಾತು ಹೇಳಿ ಮುಗಿಸಿದೆ. ಆ ಮಾತು ಮುಂದೆ ಬರುತ್ತದೆ.

ಅಂಗಡಿಯಲ್ಲಿ

ಮೇ 13ರಂದು ರೈಟರು ಲ್ಯಾಪ್‌ಟಾಪನ್ನು ಅಕ್ಕಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ಏಪ್ರಿಲ್ ತಿಂಗಳ ಪಿಎಫ್ ಹಣ ಮೇ 15ರೊಳಗೆ ಕಟ್ಟಬೇಕು. ಎರಡೇ ದಿನ ಬಾಕಿ.

"ಎಂತ ಆಗಿದೆ ರೈಟ್ರೇ?"

"ಒಂದೊಂದು ದಿನ ಬರ್ತಿತ್ತು, ಒಂದೊಂದು ದಿನ ಇಲ್ಲ. ಬಂದ್ರೆ ಇಡೀ ದಿನ ಬರ್ತದೆ, ಇಲ್ಲಾಂದ್ರೆ ಇಡೀ ದಿನ ಇಲ್ಲ. ಈಗ ಒಂದು ವಾರದಿಂದ ಪೂರಾ ನಿಂತೇ ಹೋಗಿದೆ. ನೆಟ್ ಬರದ ದಿನ ಪ್ರಿಂಟೂ ಬರಲ್ಲ ಮಾರಾಯ್ರೆ, ಅದೊಂದು ಬೇರೆ ತಲೆನೋವು."

ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಪ್ರಿಂಟರ್ ಬೇರೆ ದೂರು, ಆಮೇಲೆ ನೋಡಿದರಾಯಿತು ಅಂದುಕೊಂಡೆ.

ಅಂಗಡಿಯ ಕೇಬಲ್ ಚುಚ್ಚಿದೆ. ಪೋರ್ಟಿನ ಪಕ್ಕದ ಹಸಿರು ದೀಪ ಹತ್ತಿತು, ಹಳದಿ ಮಿನುಗಿತು. ಅಂದರೆ ತಂತಿ, ಪೋರ್ಟು ಎರಡೂ ಬದುಕಿವೆ. ಮಲೆನಾಡಿನಲ್ಲಿ ಮೊದಲು ನೋಡಬೇಕಾದ್ದು ಇದೇ. ಗುಡುಗಿನ ತಿಂಗಳುಗಳಲ್ಲಿ ನನ್ನಲ್ಲಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ನೆಟ್‌ವರ್ಕ್ ಪೋರ್ಟು ಸತ್ತವು ತುಂಬ ಇರುತ್ತವೆ. ದೀಪ ಇದೆ, ನೆಟ್ ಇಲ್ಲ. ನೆಟ್‌ವರ್ಕ್ ಮ್ಯಾನೇಜರನ್ನು ಅದರ ಕಮಾಂಡಿನಲ್ಲಿ ಕೇಳಿದೆ: ಯಾವ ಯಾವ ಪೋರ್ಟು ಯಾವ ಸ್ಥಿತಿಯಲ್ಲಿದೆ? ವೈಫೈ ಎದುರಿಗೆ ಮಾಮೂಲಿ ಉತ್ತರ. ಕೇಬಲ್ ಪೋರ್ಟಿನ ಎದುರಿಗೆ ಒಂದೇ ಪದ: ‘ಅನ್‌ಮ್ಯಾನೇಜ್ಡ್’. ಇದು ನನ್ನ ಉಸ್ತುವಾರಿಯಲ್ಲಿಲ್ಲ, ನನ್ನನ್ನು ಕೇಳಬೇಡಿ ಅಂತ.

ಡೆಬಿಯನ್‌ನಲ್ಲಿ ಇದಕ್ಕೆ ಬಹುಪಾಲು ಒಂದೇ ಕಾರಣ. ಅದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳಲು ಇಬ್ಬರಿದ್ದಾರೆ. ಹಳಬ ಇಫ್‌ಅಪ್‌ಡೌನ್, ‘ಇಂಟರ್‌ಫೇಸಸ್’ ಎಂಬ ಒಂದು ಫೈಲಿನಲ್ಲಿ ಬರೆದದ್ದನ್ನು ಓದಿ ನಡೆಯುವವನು. ಹೊಸಬ ನೆಟ್‌ವರ್ಕ್ ಮ್ಯಾನೇಜರ್. ಪರದೆಯ ಮೂಲೆಯ ಐಕಾನಿನ ಹಿಂದೆ ಕೂತವನು. ಹಳಬನ ಫೈಲಿನಲ್ಲಿ ಯಾವ ಪೋರ್ಟಿನ ಹೆಸರು ಬರೆದಿದೆಯೋ ಅದಕ್ಕೆ ಹೊಸಬ ಕೈ ಹಾಕುವುದಿಲ್ಲ. ಇಬ್ಬರೂ ಒಂದೇ ಪೋರ್ಟನ್ನು ಜಗ್ಗಾಡದಿರಲಿ ಎಂದು ಮಾಡಿದ ಒಳ್ಳೆಯ ಏರ್ಪಾಡೇ. ಆದರೆ ಹಳಬನ ಫೈಲಿನಲ್ಲಿ ತಪ್ಪು ಬರೆದರೆ, ಐಕಾನಿನ ಮೇಲೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಫೈಲ್ ತೆರೆದೆ. ಮಾಮೂಲಿಯಾಗಿ ಅಲ್ಲಿ ಲೂಪ್‌ಬ್ಯಾಕಿನ, ಅಂದರೆ ಮೆಷೀನು ತನ್ನೊಡನೆ ತಾನೇ ಮಾತಾಡುವ ದಾರಿಯ, ಎರಡು ಸಾಲು ಇರಬೇಕು. ಕೆಳಗೆ ಇನ್ನೂ ನಾಲ್ಕೈದು ಸಾಲು ಇದ್ದವು: ಕೇಬಲ್ ಪೋರ್ಟಿನ ಹೆಸರು, ಸ್ಟ್ಯಾಟಿಕ್ (ಅಂದರೆ ಕಾಯಂ) ಎಂಬ ಪದ, ನೆಟ್‌ವರ್ಕಿನಲ್ಲಿ ಈ ಮೆಷೀನಿನ ವಿಳಾಸ 192.168.0.50, ಹೊರಗೆ ಹೋಗುವ ದಾರಿಯಾದ ಗೇಟ್‌ವೇ 192.168.0.1.

"ಇದನ್ನ ಯಾರು ಬರೆದ್ರು?"

"ನಮ್ಮ ಅಕ್ಕನ ಮಗ. ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾನೆ. ಹೋದ ವಾರ ಬಂದಿದ್ದ, ಮೊಬೈಲಲ್ಲಿ ವಿಡಿಯೋ ಹಾಕ್ಕೊಂಡು ಎಂತದೋ ಟೈಪ್ ಮಾಡ್ದ. ಆಮೇಲೇ ಪೂರಾ ನಿಂತದ್ದು."

ಪ್ರಕರಣ ಮುಗಿಯಿತು ಅಂದುಕೊಂಡೆ. ಹುಡುಗನ ಸಾಲುಗಳನ್ನು ಅಳಿಸಿದೆ, ಲೂಪ್‌ಬ್ಯಾಕಿನ ಎರಡು ಸಾಲು ಬಿಟ್ಟೆ, ಮೆಷೀನನ್ನು ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಚುಚ್ಚಿದ ಕೆಲವೇ ಸೆಕೆಂಡಿನಲ್ಲಿ ಅಂಗಡಿಯ ರೂಟರಿನಿಂದ ವಿಳಾಸ ಬಂತು. ಪಿಎಫ್ ಪೋರ್ಟಲ್ ತೆರೆದು ತೋರಿಸಿದೆ. ಇನ್ನೂರು ರೂಪಾಯಿ ತೆಗೆದುಕೊಂಡೆ. ಅಲ್ಲೇ ಕೂತು ಫೈಲ್ ಕಳಿಸಿಬಿಡಿ ಅನ್ನಲೂ ತೋಚಲಿಲ್ಲ, ಅವರ ಕಾಗದಪತ್ರವೆಲ್ಲ ಆಫೀಸಿನಲ್ಲೇ ಇತ್ತು.

ಈಗ ತಿರುಗಿ ನೋಡಿದರೆ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಎರಡು. ಒಂದು ಪ್ರಿಂಟರಿನದು. ಇನ್ನೊಂದು, ಹುಡುಗನಿಗೆ ಆ 192.168.0 ಎಲ್ಲಿಂದ ಸಿಕ್ಕಿತು? ವಿಡಿಯೋದಲ್ಲಿ ಇದ್ದದ್ದನ್ನೇ ಕುರುಡಾಗಿ ಹೊಡೆದಿದ್ದಾನೆ ಅಂದುಕೊಂಡೆ. ಅವನು ಹಾಗೆ ಮಾಡಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವತ್ತು ಕಂಡ ಸಂಖ್ಯೆಗಳನ್ನೇ ನೋಡಿ ಬರೆದಿದ್ದ. ನನಗಿಂತ ಅವನೇ ವಾಸಿ, ಕಣ್ಣು ಬಿಟ್ಟು ನೋಡಿದ್ದ. ನೋಡಿದ್ದಕ್ಕೆ ಅರ್ಥ ಮಾತ್ರ ಹೊಳೆದಿರಲಿಲ್ಲ.

ತೋಟದಲ್ಲಿ

ಮರುದಿನ ಬೆಳಿಗ್ಗೆ ಎಂಟೂವರೆಗೆ ಫೋನು. "ಇಲ್ಲಿ ಹಾಕಿದ್ರೆ ಬರ್ತಾ ಇಲ್ಲ ಮಾರಾಯ್ರೆ." ಪಿಎಫಿಗೆ ಒಂದೇ ದಿನ ಉಳಿದಿತ್ತು. ಬ್ಯಾಗಿನಲ್ಲಿ ಒಂದು ಕೇಬಲ್, ಎರಡು ಕೇಬಲ್ ಸೇರಿಸುವ ಜಾಯಿಂಟ್, ತಲೆ ಕೂರಿಸುವ ಇಕ್ಕಳ ಹಾಕಿಕೊಂಡು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿದ್ದದ್ದು ಒಂದೇ: ಮರದ ಮೇಲಿನ ಕೇಬಲನ್ನು ಅಳಿಲು ಕಡಿದಿರಬೇಕು.

ಆಫೀಸಿಗೆ ಹೋಗಿ ನೋಡಿದರೆ ದೀಪ ಚೆನ್ನಾಗಿ ಹತ್ತಿದೆ. ಪರದೆಯ ಮೂಲೆಯಲ್ಲಿ ಕನೆಕ್ಟೆಡ್ ಅಂತಲೂ ಇದೆ. ವಿಳಾಸ ಕೇಳಿದೆ: 192.168.0.103.

ಕುರ್ಚಿಯಲ್ಲಿ ಸರಿಯಾಗಿ ಕೂತೆ. ನಿನ್ನೆ ಹುಡುಗನ ಸಾಲುಗಳನ್ನು ಕೈಯಾರೆ ಅಳಿಸಿದ್ದೇನೆ. ಈಗ ಈ ಲ್ಯಾಪ್‌ಟಾಪಿಗೆ ತನ್ನದೆಂಬ ಯಾವ ಸಂಖ್ಯೆಯೂ ಇಲ್ಲ. ಹಾಗಾದರೆ ಈ 0.103 ಅದಕ್ಕೆ ಯಾರೋ ಕೊಟ್ಟದ್ದು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕೇಬಲ್ ಚುಚ್ಚಿದಾಗ ಸಿಗುವ ವಿಳಾಸ ಓದಿದರೆ ಅರ್ಧ ರೋಗ ತಿಳಿಯುತ್ತದೆ, ಆದರೆ ಜನ ಓದುವುದಿಲ್ಲ. ನೆಟ್ ಬಂತೋ ಇಲ್ಲವೋ ಅಷ್ಟೇ ನೋಡುತ್ತಾರೆ. ವಿಳಾಸವೇ ಇಲ್ಲದಿದ್ದರೆ ತಂತಿ, ಪೋರ್ಟು, ಇಲ್ಲವೇ ನಿನ್ನೆ ಕಂಡ ಉಸ್ತುವಾರಿ ಜಗಳ. 169.254 ಎಂದು ಶುರುವಾಗುವ ವಿಳಾಸ ಬಂದರೆ, ಲ್ಯಾಪ್‌ಟಾಪ್ ಕೂಗಿ ಕೂಗಿ ಸಾಕಾಗಿ, ಯಾರೂ ಉತ್ತರ ಕೊಡದೆ, ತನಗೆ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಎಂದು ಅರ್ಥ. ವಿಂಡೋಸ್ 98ರ ಕಾಲದಿಂದ ಇರುವ ಪದ್ಧತಿ ಇದು. ಇಲ್ಲಿ ಇವೆರಡೂ ಆಗಿರಲಿಲ್ಲ. ಪೂರ್ತಿ ಸಭ್ಯವಾದ ವಿಳಾಸ, ಗೇಟ್‌ವೇ ಸಮೇತ ಬಂದಿತ್ತು. ಕೇಳಿದ್ದಕ್ಕೆ ಯಾರೋ ಉತ್ತರ ಕೊಟ್ಟಿದ್ದಾರೆ. ಕೊಟ್ಟವರು ಯಾರು?

ಬಂಗಲೆಗೆ ಹತ್ತಿ ಹೋಗಿ ಹೊಸ ಫೈಬರ್ ಡಬ್ಬಿಯ ವೈಫೈಗೆ ನನ್ನ ಮೊಬೈಲ್ ಸೇರಿಸಿದೆ. 192.168.1.104, ಗೇಟ್‌ವೇ 192.168.1.1. ಮೂರನೇ ಸಂಖ್ಯೆ ಇಲ್ಲಿ 1, ಕೆಳಗೆ 0. ಸಾಹುಕಾರರ ತಾಯಿ ಒಳಗಿನಿಂದಲೇ ಕೇಳಿದರು: "ನೆಟ್ಟಿನವರಾ? ನಮ್ಮ ಟೀವಿಗೂ ಆಗಾಗ ಬರಲ್ಲ ನೋಡಿ, ಹೊಸ ಡಬ್ಬಿ ಬಂದಮೇಲೆ." ನಾನು ನೆಟ್ಟಿನವನಲ್ಲ ಅಮ್ಮಾ ಎಂದೆ. ಟೀವಿಯ ಮಾತನ್ನು ಈ ಸಲ ಬಿಡಲಿಲ್ಲ, ಜೇಬಿನ ಚೀಟಿಯಲ್ಲಿ ಬರೆದುಕೊಂಡೆ.

ಕೆಳಗೆ ಬಂದು ಆಫೀಸಿನ ಬಾಗಿಲಲ್ಲಿ ನಿಂತಾಗ ಮೊಬೈಲ್ ಬಂಗಲೆಯ ವೈಫೈ ಕಳೆದುಕೊಂಡು ಬೇರೆ ಹೆಸರುಗಳನ್ನು ಹುಡುಕಿತು. ಪಟ್ಟಿಯಲ್ಲಿ ಒಂದು ಹೆಸರು: ಕಂಪನಿಯ ಹೆಸರಿನ ಹಿಂದೆ ನಾಲ್ಕು ಅಕ್ಷರ, ಕಾರ್ಖಾನೆಯಿಂದ ಬಂದ ಹಾಗೇ ಇರುವ ಹೆಸರು. ಸುತ್ತ ಒಂದು ಕಿಲೋಮೀಟರಿನಲ್ಲಿ ಇನ್ನೊಂದು ಮನೆ ಇಲ್ಲ. ಆಳುಗಳ ಲೈನ್ ಮನೆಗಳೂ ತೋಡಿನ ಆಚೆ. ಸಿಗ್ನಲ್ಲೋ ನಾಲ್ಕು ಗೆರೆ ಪೂರ್ತಿ. ತಲೆಯೆತ್ತಿದೆ. ಮೊಳೆಗೆ ನೇತುಬಿದ್ದ ಹಳೇ ರೂಟರು, ಎರಡು ಕಿವಿ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು.

ಅನುಮಾನ ಬೇರೆ, ರುಜುವಾತು ಬೇರೆ. ಗೇಟ್‌ವೇ 192.168.0.1ರ ಹಾರ್ಡ್‌ವೇರ್ ವಿಳಾಸ (ಕಾರ್ಖಾನೆಯಲ್ಲೇ ಡಬ್ಬಿಗೆ ಕೊಟ್ಟ ಗುರುತು) ಏನೆಂದು ಲ್ಯಾಪ್‌ಟಾಪನ್ನು ಕೇಳಿ ಬರೆದುಕೊಂಡೆ. ರೂಟರನ್ನು ಮೊಳೆಯಿಂದ ಇಳಿಸಿದೆ. ಬೆನ್ನ ಮೇಲೆ ಕಾಫಿ ಹೊಟ್ಟಿನ ಧೂಳು, ಹಲ್ಲಿಯ ಎರಡು ಒಣಗಿದ ಮೊಟ್ಟೆಯ ಚಿಪ್ಪು. ಧೂಳು ಒರೆಸಿ ಲೇಬಲ್ ಓದಿದೆ. ಕೊನೆಯ ಆರು ಅಕ್ಷರ ಹೊಂದಿದವು. ಲೇಬಲಿನ ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ಸಣ್ಣ ತೂತು, ಅದರ ಕೆಳಗೆ ‘ರೀಸೆಟ್’ ಎಂದು ಅಚ್ಚಾಗಿತ್ತು. ಬೆನ್ನಿನ ತುಂಬ ವರ್ಷಗಳ ಧೂಳಿದ್ದರೂ ಆ ತೂತಿನ ಸುತ್ತ ಮಾತ್ರ ಬೆರಳಿನಗಲ ಸ್ವಚ್ಛವಾಗಿತ್ತು.

"ರೈಟ್ರೇ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ. ನೀವೇ ಹೇಳಿದ್ರಲ್ಲ ಅವತ್ತು ಫೋನಲ್ಲಿ, ಆಫೀಸಿನ ಡಬ್ಬೀನ ಒಂದ್ಸಲ ರೀಸೆಟ್ ಮಾಡಿ ಅಂತ. ಎಲ್ಲಿ ಅಂತ ಹುಡುಕಿದೆ, ಅಲ್ಲೇ ಬರೆದಿತ್ತು. ವೋಚರಿಗೆ ಚುಚ್ಚೋ ಗುಂಡುಸೂಜಿ ಹಾಕಿ ಒತ್ತಿ ಹಿಡಿದೆ, ದೀಪ ಎಲ್ಲ ಒಟ್ಟಿಗೆ ಹತ್ತಿ ಆರಿತು."

ನಾನು ಹೇಳಿದ್ದು ಆಫ್ ಮಾಡಿ ಆನ್ ಮಾಡಿ ಎಂಬ ಅರ್ಥದಲ್ಲಿ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಸಡಿಲವಾಗಿ ‘ರೀಸೆಟ್ ಮಾಡಿ’ ಅನ್ನುತ್ತೇವೆ. ರೈಟರು ಅಕ್ಷರಕ್ಕೆ ಅಕ್ಷರ ಪಾಲಿಸುವ ಮನುಷ್ಯ. ಡಬ್ಬಿಯ ಮೇಲೆ ಆ ಪದವೇ ಅಚ್ಚಾಗಿರುವಾಗ ಬೇರೆ ಅರ್ಥ ಯಾಕೆ ಹುಡುಕುತ್ತಾರೆ? ಹಿಂದಿನವರು ಆಫ್ ಮಾಡಿಟ್ಟಿದ್ದ ರೂಟರ್ ಕೆಲಸಗಳೆಲ್ಲ ಆ ಒಂದು ಸೂಜಿಯಿಂದ ಮತ್ತೆ ಎದ್ದು ಕೂತವು: ವೈಫೈ, 192.168.0.1 ಎಂಬ ತನ್ನ ವಿಳಾಸ, ಮತ್ತು ಕೇಳಿದವರಿಗೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿ.

ಇಬ್ಬರು ರೈಟರು

ಡಿಎಚ್‌ಸಿಪಿ ಹೇಗೆ ನಡೆಯುತ್ತದೆಂದು ರೈಟರಿಗೆ ಅವರ ಭಾಷೆಯಲ್ಲೇ ಹೇಳಿದೆ, ಇಲ್ಲೂ ಹಾಗೇ ಹೇಳುತ್ತೇನೆ. ತೋಟಕ್ಕೆ ಹೊಸ ಆಳು ಬಂದ. ಯಾರ ಪರಿಚಯವೂ ಇಲ್ಲ. ಕಣದಲ್ಲಿ ನಿಂತು ಕೂಗುತ್ತಾನೆ: ಇಲ್ಲಿ ಲೈನ್ ಮನೆ ಕೊಡುವವರು ಯಾರಾದ್ರೂ ಇದ್ದೀರಾ? ರೈಟರು ಕೇಳಿಸಿಕೊಂಡು ಹೇಳುತ್ತಾರೆ: ಐದನೇ ನಂಬರ್ ಖಾಲಿ ಇದೆ, ಬೇಕಾ? ಆಳು: ಹೌದು, ಅದನ್ನೇ ಕೊಡಿ. ರೈಟರು ಪುಸ್ತಕದಲ್ಲಿ ಬರೆದುಕೊಂಡು: ಸರಿ, ಇಷ್ಟು ದಿನಕ್ಕೆ ನಿನ್ನದು. ನಾಲ್ಕು ಮಾತು, ಅಷ್ಟೇ. ಕಂಪ್ಯೂಟರ್ ಭಾಷೆಯಲ್ಲಿ ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್. ಮನೆ ನಂಬರಿನ ಜೊತೆಗೇ ಹೊರದಾರಿ ಯಾವುದು, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವವರು ಯಾರು, ಅದೂ ಸಿಗುತ್ತದೆ.

ಕಣದಲ್ಲಿ ಕೂಗಿದ್ದು ಎಲ್ಲರಿಗೂ ಕೇಳುತ್ತದೆ. ಇಬ್ಬರು ರೈಟರಿದ್ದರೆ ಇಬ್ಬರೂ ಉತ್ತರ ಕೊಡುತ್ತಾರೆ. 1997ರಲ್ಲಿ ಡಿಎಚ್‌ಸಿಪಿಯ ನಿಯಮ ಆರ್‌ಎಫ್‌ಸಿ 2131 ಬರೆದವರಿಗೆ ಇದು ಗೊತ್ತಿತ್ತು. ಒಂದಕ್ಕಿಂತ ಹೆಚ್ಚು ಆಫರ್ ಬರಬಹುದು, ಕೇಳಿದವನು ಒಂದನ್ನು ಆರಿಸಿ, ಯಾರದನ್ನು ಆರಿಸಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಮಿಕ್ಕವರು ತಮ್ಮ ಆಫರನ್ನು ಹಿಂದೆ ತೆಗೆದುಕೊಳ್ಳಬೇಕು ಎಂದು ಅಚ್ಚುಕಟ್ಟಾಗಿ ಬರೆದಿದ್ದಾರೆ. ಆದರೆ ಉತ್ತರ ಕೊಟ್ಟವನು ನಿಜವಾದ ರೈಟರೋ, ಕೆಲಸ ಬಿಟ್ಟುಹೋದ ಹಳೇ ರೈಟರು ಬೇರೆ ತೋಟದ ಮನೆಯ ಬೀಗದಕೈ ಹಿಡಿದು ನಿಂತಿದ್ದಾರೋ, ಅದನ್ನು ಆಳು ಕೇಳುವುದೇ ಇಲ್ಲ. ಉತ್ತರ ಕೊಡುವವನ ಗುರುತು ಪರೀಕ್ಷಿಸುವ ವಿಧಾನವೊಂದು 2001ರಲ್ಲಿ ಬಂತು. ಮನೆಗೆ ಕೊಳ್ಳುವ ಸಾಮಾನ್ಯ ರೂಟರುಗಳಲ್ಲಿ ನಾನಂತೂ ಅದನ್ನು ಕಂಡಿಲ್ಲ. ದೊಡ್ಡ ಆಫೀಸುಗಳು ಇದಕ್ಕಾಗಿ ದುಬಾರಿ ಸ್ವಿಚ್ ಇಟ್ಟು, ನಿಗದಿಯಾದ ಪೋರ್ಟಿನಿಂದ ಬಂದ ಉತ್ತರಗಳನ್ನಷ್ಟೇ ಒಳಗೆ ಬಿಡುತ್ತವೆ. ತೋಟದ ಆಫೀಸಿಗೆ ಅದೆಲ್ಲ ಎಲ್ಲಿಂದ ಬರಬೇಕು.

ರೈಟರು ಗೊಣಗಿದರು: "ಬೇರೆ ತೋಟದ ಮನೆ ಕೊಟ್ರೆ ಅವ ಅಲ್ಲಿ ಹೋಗಿ ಎಂತ ಮಾಡ್ತಾನೆ?" ಅದೇ ನೋಡಿ. ಲ್ಯಾಪ್‌ಟಾಪಿಗೆ 0 ಬೀದಿಯಲ್ಲಿ ಮನೆ ಸಿಕ್ಕಿತು; ಹೊರದಾರಿ 192.168.0.1 ಎಂದರು. ಅದು ಈ ಹಳೇ ಡಬ್ಬಿಯೇ. ಇಂಟರ್‌ನೆಟ್ ಬರಬೇಕಾದ ಅದರ ನೀಲಿ ಪೋರ್ಟಿನಲ್ಲಿ ಏನೂ ಚುಚ್ಚಿಲ್ಲ. ದಾರಿ ಅಲ್ಲಿಗೇ ಮುಗಿಯಿತು. ಪ್ರಿಂಟರಿಗೆ ನಾನೇ ಹಿಂದೆ 192.168.1.20 ಎಂದು ಕಾಯಂ ವಿಳಾಸ ಕೊಟ್ಟಿದ್ದೆ. ಅದು 1 ಬೀದಿಯಲ್ಲಿ ಕೂತಿದೆ. ಮೇಜಿನ ಮೇಲೆ ಒಂದು ಮೊಳ ದೂರದಲ್ಲಿದ್ದರೂ ಲ್ಯಾಪ್‌ಟಾಪಿಗೆ ಅದು ಬೇರೆ ಊರು.

ನೆಟ್ ಬರದ ದಿನ ಪ್ರಿಂಟೂ ಬರಲ್ಲ. ರೈಟರು ಅಂಗಡಿಯ ಕೌಂಟರಿನಲ್ಲಿ ನಿಂತು ಹೇಳಿದ್ದು ಇದನ್ನೇ. ಪ್ರಿಂಟರಿಗೂ ಹೊರಗಿನ ಇಂಟರ್‌ನೆಟ್‌ಗೂ ಸಂಬಂಧವೇ ಇಲ್ಲ. ಎರಡೂ ಒಟ್ಟಿಗೆ ನಿಂತು ಒಟ್ಟಿಗೆ ಶುರುವಾಗುತ್ತವೆ ಅಂದರೆ ದೋಷ ಬಂಗಲೆಯಾಚೆಯ ಫೈಬರಿನದಲ್ಲ, ಆಫೀಸಿನ ಒಳಗಿನದು. ಅವತ್ತೇ ಅರ್ಧ ನಿಮಿಷ ಯೋಚಿಸಿದ್ದರೆ ಬೈಕಿನ ಪೆಟ್ರೋಲ್ ಉಳಿಯುತ್ತಿತ್ತು.

ಎಣಿಸಿ ನೋಡಿದ್ದು

ಇನ್ನೂ ಒಂದು ಒಗಟು ಉಳಿದಿತ್ತು. ಹಳೇ ಡಬ್ಬಿ ಯಾವಾಗಲೂ ಇಲ್ಲೇ ಇದೆ, ಯಾವಾಗಲೂ ಸುಳ್ಳು ವಿಳಾಸ ಕೊಡಲು ತಯಾರಿದೆ. ಮತ್ತೆ ಕೆಲವು ದಿನ ಸರಿ ಬರುತ್ತಿದ್ದದ್ದು ಹೇಗೆ?

ಟಿಸಿಪಿಡಂಪ್ ಎಂಬ ಸಾಧನ ಹಚ್ಚಿ, 67 ಮತ್ತು 68ನೇ ಪೋರ್ಟ್ ಸಂಖ್ಯೆಗಳ ಮಾತುಕತೆ ಮಾತ್ರ ತೋರಿಸು ಎಂದೆ. ಇವು ಕೇಬಲ್ ಚುಚ್ಚುವ ತೂತುಗಳಲ್ಲ, ಸಾಫ್ಟ್‌ವೇರಿನ ಬಾಗಿಲ ನಂಬರುಗಳು. ಡಿಎಚ್‌ಸಿಪಿ ಮಾತಾಡುವುದು ಈ ಎರಡರಲ್ಲೇ; 67 ಕೊಡುವವನದು, 68 ಕೇಳುವವನದು. ಕೇಬಲ್ ಕಿತ್ತು, ಹಳೇ ಲೀಸಿನ (ವಿಳಾಸದ ಗುತ್ತಿಗೆಯ) ನೆನಪು ಅಳಿಸಿ, ಮತ್ತೆ ಚುಚ್ಚಿದೆ. ಪರದೆಯ ಮೇಲೆ ಸಾಲುಗಳು ಇಳಿದವು. 0.0.0.0ಯಿಂದ 255.255.255.255ಕ್ಕೆ ಒಂದು ಕೂಗು. ವಿಳಾಸವಿಲ್ಲದವನು ಎಲ್ಲರನ್ನೂ ಕರೆಯುವ ರೀತಿ ಇದು. ಅದರ ಕೆಳಗೆ 192.168.0.1ರ ಆಫರ್. ಕಣ್ಣು ಮಿಟುಕಿಸುವಷ್ಟರಲ್ಲಿ 192.168.1.1ರ ಆಫರ್. ಆಮೇಲೆ ಲ್ಯಾಪ್‌ಟಾಪಿನ ರಿಕ್ವೆಸ್ಟ್, ಮೊದಲನೆಯವನಿಗೆ. ರೈಟರನ್ನು ಕರೆದು ಎರಡು ಸಾಲಿನ ಮೇಲೂ ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇಬ್ರೂ ಹಾಜರಿ ಹಾಕಿದಾರೆ" ಎಂದರು.

ಹತ್ತು ಸಲ ಮಾಡಿದೆ, ಪ್ರತಿ ಸಲವೂ ಲೀಸ್ ಅಳಿಸಿ. ಏಳು ಸಲ 0, ಮೂರು ಸಲ 1. ಸಾಮಾನ್ಯವಾಗಿ ಲ್ಯಾಪ್‌ಟಾಪುಗಳು ಮೊದಲು ಬಂದ ಆಫರನ್ನೇ ಹಿಡಿಯುತ್ತವೆ. ಯಾರು ಮೊದಲು ಬಾಯಿಬಿಡುತ್ತಾರೆ ಎಂಬುದು ಕೇಬಲಿನ ಉದ್ದದ ಮೇಲಲ್ಲ, ಡಬ್ಬಿ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದರ ಮೇಲೆ. ಕೆಲವು ರೂಟರುಗಳು ವಿಳಾಸ ಕೊಡುವ ಮೊದಲು ಅದನ್ನು ಬೇರೆ ಯಾರಾದರೂ ಬಳಸುತ್ತಿದ್ದಾರಾ ಎಂದು ಪರೀಕ್ಷಿಸಿ ನೋಡುತ್ತವೆ, ಆಗ ಉತ್ತರ ತಡವಾಗುತ್ತದೆ. ಇನ್ನೊಬ್ಬ ಗೆಲ್ಲುವುದು ಆಗ. ಬಂಗಲೆಯಲ್ಲೂ ಇದೇ ಲೆಕ್ಕ: ಹಳೇ ಡಬ್ಬಿ ಕೇಬಲಿನ ಆಚೆ ತುದಿಯಲ್ಲಿದ್ದರೂ ಅದರ ಉತ್ತರ ಅಲ್ಲಿಗೂ ಮುಟ್ಟುತ್ತದೆ. ಅಮ್ಮನವರ ಟೀವಿಯೂ ಆಗಾಗ ಇದರ ಬಲೆಗೆ ಬೀಳುತ್ತಿತ್ತು. ಚೀಟಿಯಲ್ಲಿ ಬರೆದುಕೊಂಡದ್ದಕ್ಕೆ ಗೆರೆ ಎಳೆದೆ.

ಬಂದರೆ ಇಡೀ ದಿನ, ಇಲ್ಲದಿದ್ದರೆ ಇಡೀ ದಿನ ಇಲ್ಲ ಎಂದಿದ್ದರಲ್ಲ ರೈಟರು, ಅದಕ್ಕೂ ಕಾರಣ ಇದೆ. ವಿಳಾಸ ಒಂದು ಅವಧಿಗೆ ಗುತ್ತಿಗೆ. ಅವಧಿಯ ಅರ್ಧ ಕಳೆದಾಗ ಲ್ಯಾಪ್‌ಟಾಪ್ ಮತ್ತೆ ಕಣದಲ್ಲಿ ನಿಂತು ಕೂಗುವುದಿಲ್ಲ. ಮನೆ ಕೊಟ್ಟವನ ಬಾಗಿಲಿಗೇ ಹೋಗಿ ಮುಂದುವರಿಸಿ ಎನ್ನುತ್ತದೆ. ಅವನು ಹೂಂ ಎನ್ನುತ್ತಾನೆ. ಹಾಗಾಗಿ ಬೆಳಿಗ್ಗೆ ಯಾರ ಕೈ ಹಿಡಿಯಿತೋ ಸಂಜೆವರೆಗೆ ಅವರದೇ ಸಹವಾಸ. ಹುಡುಗ ಬಂದದ್ದು ಕೆಟ್ಟ ದಿನ. ಪರದೆಯ ಮೇಲಿದ್ದ ಸುಳ್ಳು ಸಂಖ್ಯೆಯನ್ನು ಫೈಲಿನಲ್ಲಿ ಬರೆದು ಕಾಯಂ ಮಾಡಿದ. ಆಗಾಗ ಬರುತ್ತಿದ್ದ ನೆಟ್ ಪೂರಾ ನಿಂತದ್ದು ಹಾಗೆ. ಅವನು ಒಂದು ದಿನ ಆಚೀಚೆ ಬಂದು 192.168.1 ಬರೆದಿದ್ದರೆ ಎಲ್ಲ ಸರಿಹೋದಂತೆ ಕಾಣುತ್ತಿತ್ತು, ನಾನು ಈ ತೋಟಕ್ಕೆ ಬರುತ್ತಲೂ ಇರಲಿಲ್ಲ, ಅಮ್ಮನವರು ಟೀವಿಗೆ ಬೈಯುತ್ತಲೇ ಇರುತ್ತಿದ್ದರು. ಕಾಯಂ ವಿಳಾಸ ಬರೆದು ನೆಟ್ ಬರಿಸುವ ವಿಡಿಯೋಗಳ ಮೇಲೆ ನನಗೆ ಸಿಟ್ಟು ಇದಕ್ಕೇ. ಕೆಲವೊಮ್ಮೆ ಕೆಲಸ ಆಗಿಬಿಡುತ್ತದೆ.

ಕೊನೆಯ ಪರೀಕ್ಷೆ: ಹಳೇ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಂಗಲೆಯ ಕೇಬಲಿಗೆ ಜಾಯಿಂಟ್ ಹಾಕಿ ನೇರ ಲ್ಯಾಪ್‌ಟಾಪಿಗೆ ಚುಚ್ಚಿದೆ. ಹತ್ತಕ್ಕೆ ಹತ್ತು ಸಲ 1. ರೈಟರು ಅಷ್ಟರಲ್ಲೇ ಕುರ್ಚಿ ಎಳೆದುಕೊಂಡು ಪಿಎಫ್ ಫೈಲ್ ಕಳಿಸಲು ಕೂತರು. ಅವರು ಚಲನ್ ಮುಗಿಸುವವರೆಗೆ ನಾನು ಹೊರಗೆ ಕಣದ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದೆ.

ಸರಿಮಾಡಿದ್ದು ಹತ್ತು ನಿಮಿಷದ ಕೆಲಸ. ಹಳೇ ಡಬ್ಬಿಗೆ ಒಂದು ಕೇಬಲಿನಲ್ಲಿ ಲ್ಯಾಪ್‌ಟಾಪನ್ನಷ್ಟೇ ಜೋಡಿಸಿ, 192.168.0.1 ಪುಟ ತೆರೆದು ಒಳಹೊಕ್ಕೆ. ಡಿಎಚ್‌ಸಿಪಿ ಆಫ್. ವೈಫೈ ಆಫ್. ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿದೆ, ಹೊಸ ಡಬ್ಬಿ 100ರಿಂದ ಮೇಲಿನ ವಿಳಾಸಗಳನ್ನು ಮಾತ್ರ ಹಂಚುತ್ತದೆಂದು ಮೊದಲೇ ನೋಡಿದ್ದರಿಂದ 2ರಲ್ಲಿ ತಕರಾರಿರಲಿಲ್ಲ. ಆಮೇಲೆ ಬಂಗಲೆಯ ಕೇಬಲ್, ಲ್ಯಾಪ್‌ಟಾಪ್, ಪ್ರಿಂಟರ್ ಮೂರನ್ನೂ ಹಳದಿ ಪೋರ್ಟುಗಳಿಗೇ ಹಾಕಿ, ನೀಲಿ ಪೋರ್ಟಿಗೆ ಇನ್ಸುಲೇಷನ್ ಟೇಪ್ ಅಂಟಿಸಿದೆ. ಟಿಸಿಪಿಡಂಪ್ ಇನ್ನೊಮ್ಮೆ ಓಡಿಸಿದೆ. ಒಂದೇ ಆಫರ್ ಬಂತು. ಬಟವಾಡೆ ಪಟ್ಟಿ ಪ್ರಿಂಟ್ ಕೊಟ್ಟೆ, ಬಿಸಿಬಿಸಿಯಾಗಿ ಹೊರಬಂತು.

ಆದರೆ ಇದು ನನಗೆ ಸಮಾಧಾನ ಕೊಡಲಿಲ್ಲ. ಆ ತೂತು ಅಲ್ಲೇ ಇದೆ, ಗುಂಡುಸೂಜಿಯ ಡಬ್ಬಿಯೂ ಮೇಜಿನ ಮೇಲಿದೆ. ಮುಂದಿನ ವಾರ ಹೋದಾಗ ಐದು ಪೋರ್ಟಿನ ಸಾದಾ ಸ್ವಿಚ್ ತೆಗೆದುಕೊಂಡು ಹೋದೆ. ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಅದಕ್ಕೆ ಪುಟವಿಲ್ಲ, ಪಾಸ್‌ವರ್ಡ್ ಇಲ್ಲ, ವಿಳಾಸ ಹಂಚುವ ಬುದ್ಧಿಯೂ ಇಲ್ಲ. ಮೊದಲ ಸಲ ತೆಗೆದುಕೊಂಡಿದ್ದ ಇನ್ನೂರನ್ನು ಅದರ ಬಿಲ್ಲಿನಲ್ಲಿ ಕಳೆದೆ. ಹಳೇ ರೂಟರನ್ನು ಹಲ್ಲಿ ಮೊಟ್ಟೆಯ ಚಿಪ್ಪಿನ ಸಮೇತ ಅಂಗಡಿಗೆ ತಂದು ಕಪಾಟಿನ ಮೇಲಿಟ್ಟಿದ್ದೇನೆ.

ಮರದ ಮೇಲಿನ ತಾಮ್ರದ ಕೇಬಲ್ ಮಾತ್ರ ಹಾಗೇ ಇದೆ. ಸಿಡಿಲಿಗೆ ಅದೇ ರಾಜಮಾರ್ಗ. ಹೊಸ ಫೈಬರ್ ಡಬ್ಬಿಯ ನಾಲ್ಕು ಪೋರ್ಟುಗಳಲ್ಲಿ ಒಂದು ಈಗಾಗಲೇ ಸತ್ತಿದೆ. ಆ 70 ಮೀಟರಿಗೂ ಫೈಬರ್ ಎಳೆದು ಎರಡು ತುದಿಗೆ ಪರಿವರ್ತಕ ಹಾಕೋಣ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಸಾಹುಕಾರರಿಗೆ ಹೇಳಿದ್ದೇನೆ. ಮಳೆಗಾಲ ಮುಗಿಯಲಿ ಅಂದಿದ್ದಾರೆ.

ಜೂನ್ ಮೊದಲ ವಾರ ರೈಟರ ಫೋನು. "ಪ್ರಿಂಟ್ ಬರ್ತಾ ಇಲ್ಲ ಮಾರಾಯ್ರೆ."

"ನೆಟ್ ಬರ್ತಾ ಇದ್ಯಾ?" ಎಂದೆ, ಮೊದಲಿಗೆ.

"ನೆಟ್ ಇದೆ."

ಟೋನರ್ ಮುಗಿದಿತ್ತು.